ಕಿಡಿಯೂ ಮಡಿಯೂ

ಶಿವರಾತ್ರಿಯ ಹೊತ್ತಿಗೆ ಬಸವನಗುಡಿಯ ಗಾಳಿ ಒಣಗಿರುತ್ತದೆ. ಪಾಲಿಯೆಸ್ಟರ್ ಲಂಗದ ಮೇಲೆ ರೇಷ್ಮೆ ಸೀರೆ ಉಟ್ಟರೆ ನೆರಿಗೆ ಕಾಲಿಗೆ ಅಂಟಿಕೊಳ್ಳುತ್ತದೆ. ಕತ್ತಲೆಯಲ್ಲಿ ಬಿಚ್ಚಿದರೆ ಚಿಟಚಿಟ ಸದ್ದು, ಸಣ್ಣ ನೀಲಿ ಕಿಡಿ. ‘ಮಡಿಗೆ ಉಡೋ ರೇಷ್ಮೇಲಿ, ಧಾಬಳೀಲಿ ವಿದ್ಯುತ್ ಇರುತ್ತೆ ಕಣಮ್ಮ, ಅದಕ್ಕೇ ಮೈಲಿಗೆ ತಟ್ಟಲ್ಲ’ ಎಂದು ನಮ್ಮತ್ತೆ ಹೇಳುತ್ತಿದ್ದರು. ಈಗಲೂ ಹಲವರು ಹೇಳುತ್ತಾರೆ.

ಈ ಮಾತನ್ನು ನಾನು ಒಪ್ಪಲಾರೆ. ಎರಡು ಬಟ್ಟೆ ಉಜ್ಜಿದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗುತ್ತವೆ. ಒಂದು ಕಳೆದುಕೊಂಡಷ್ಟನ್ನೇ ಇನ್ನೊಂದು ಪಡೆಯುತ್ತದೆ. ಹೊಸದಾಗಿ ಏನೂ ಹುಟ್ಟುವುದಿಲ್ಲ. ತೇವ ಹಿಡಿಯುವ ಹತ್ತಿಯಲ್ಲಿ ಈ ವಿದ್ಯುದಾವೇಶ ಬೇಗ ಸೋರಿಹೋಗುತ್ತದೆ, ಪಾಲಿಯೆಸ್ಟರಿನಲ್ಲಿ ಉಳಿಯುತ್ತದೆ. ಮಡಿಗೆ ಯಾರೂ ಉಡದ ಪಾಲಿಯೆಸ್ಟರಿನಲ್ಲೂ ಕಿಡಿ ಇದೆ ಎಂದ ಮೇಲೆ, ಕಿಡಿಗೂ ಪಾವಿತ್ರ್ಯಕ್ಕೂ ಸಂಬಂಧವಿಲ್ಲ. ಇದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಎಚ್. ನರಸಿಂಹಯ್ಯನವರು ನಂಬಿಕೆಯನ್ನು ಪ್ರಶ್ನಿಸುವುದನ್ನೂ ಕಲಿಸಿದರು.

ಹಾಗಾದರೆ ಮಡಿಗೆ ಅರ್ಥವಿಲ್ಲವೇ? ಖಂಡಿತ ಇದೆ. ಮಿಂದು ಬಂದು, ಗಳುವಿನ ಮೇಲೆ ಹರವಿದ ಸೀರೆಯನ್ನು ಕೋಲಿನಿಂದ ತೆಗೆದುಕೊಳ್ಳುವಾಗ ಅತ್ತೆಯ ಮನಸ್ಸು ಆಗಲೇ ದೇವರ ಕಡೆ ತಿರುಗಿರುತ್ತಿತ್ತು. ಆ ಏಕಾಗ್ರತೆ ದೊಡ್ಡದು. ಅದಕ್ಕೆ ವಿಜ್ಞಾನದ ಸಾಕ್ಷಿ ಬೇಡ. ಆದರೆ ಆ ಶಿಸ್ತು ಉಟ್ಟವರದು ಮಾತ್ರ. ಮನೆಗೆಲಸದವರು ಸೋಕಿದರೆ ಮೈಲಿಗೆ ಎಂದ ಕ್ಷಣ ಅದು ಅನ್ಯಾಯವಾಗುತ್ತದೆ. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನದ 17ನೇ ವಿಧಿ ರದ್ದುಮಾಡಿದೆ. ದೇವರಮನೆಯ ಹೊಸ್ತಿಲಲ್ಲೂ ಅದು ರದ್ದಾಗಬೇಕು. ಮಡಿ ಉಡಿ, ಭಕ್ತಿಯಿಂದ ಉಡಿ. ಅದರ ಹೆಸರಿನಲ್ಲಿ ಯಾರನ್ನೂ ದೂರ ನಿಲ್ಲಿಸಬೇಡಿ.