ಪುನ್ನಾಟ ಎಂಬ ಪುಟ್ಟ ನಾಡು

ಮೈಸೂರು ಜಿಲ್ಲೆಯ ಬನ್ನೂರು ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕುರಿ. ಗಿಡ್ಡ ಕಾಲಿನ, ತುಂಬಿದ ಮೈಯ ಆ ತಳಿಯ ಮಾಂಸಕ್ಕೆ ಬೆಂಗಳೂರಿನಲ್ಲೂ ಹೆಸರಿದೆ. ಇಲ್ಲಿನ ದೇವತೆ ಹೇಮಾದ್ರಾಂಬೆ, ಗದ್ದೆ ಬಯಲು, ನಾಲೆಯ ನೀರಿಗಾಗಿ ಕಾಯುವ ರೈತ, ಇವೆಲ್ಲ ಊರವರ ನೆನಪಿನಲ್ಲಷ್ಟೇ ಉಳಿಯುತ್ತವೆ. ಸಣ್ಣ ಊರನ್ನು ದೊಡ್ಡ ಲೋಕ ನೆನಪಿಡುವುದು ಅಲ್ಲಿಂದ ತನಗೇನು ಸಿಗುತ್ತದೆ ಎಂಬುದರ ಮೇಲೆ. ರೋಮ್ ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದ ಕಾಲದಲ್ಲೂ ನಮ್ಮ ಸೀಮೆಗೆ ಆದದ್ದು ಇದೇ.

ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ತಾನು ಕೇಳಿ ತಿಳಿದ ಲೋಕದ ಊರುಗಳನ್ನೆಲ್ಲ ಪಟ್ಟಿ ಮಾಡಿದ. ದಕ್ಷಿಣ ಭಾರತದ ಒಳನಾಡಿಗೆ ಬಂದಾಗ ನಮ್ಮ ಸೀಮೆಯ ಪುನ್ನಾಟದ ಹೆಸರು ಬರೆದು, ಅಲ್ಲಿ ಬೆರಿಲ್ ಸಿಗುತ್ತದೆ ಎಂದು ಸೇರಿಸಿದ. ಅಷ್ಟೇ. ಕಡಲ ನೀರಿನ ಹಸಿರು ಹೊತ್ತ ಆ ಹರಳಿಗೆ ರೋಮಿನ ಸಿರಿವಂತರು ಮನಸೋತಿದ್ದರು. ಬೆರಿಲ್ ಭಾರತದ ಹೊರಗೆ ಸಿಗುವುದು ಅಪರೂಪ ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹೊರಗೆ ಹರಿದುಹೋಗುತ್ತಿದೆ ಎಂದು ಸಂಕಟಪಟ್ಟವನೂ ಅವನೇ. ಆ ಹರಳನ್ನು ಅಗೆದ ಕೈಗಳು ಯಾರವು, ಅವರು ಯಾವ ದೇವರಿಗೆ ಹರಕೆ ಹೊತ್ತರು, ಮಳೆ ಹೋದ ವರ್ಷ ಏನು ಉಂಡರು ಎಂಬುದು ಅಲೆಕ್ಸಾಂಡ್ರಿಯಾಕ್ಕೆ ಬೇಕಿರಲಿಲ್ಲ.

ಪುನ್ನಾಟ ಇದ್ದದ್ದು ಈಗಿನ ಮೈಸೂರು ಜಿಲ್ಲೆಯ ದಕ್ಷಿಣದ ಕಾಡು ಬೆಟ್ಟಗಳ ಸೀಮೆಯಲ್ಲಿ, ಕಪಿಲೆಯ, ಅಂದರೆ ಕಬಿನಿಯ, ಎರಡೂ ದಡಗಳಲ್ಲಿ. ರಾಜಧಾನಿ ಕೀರ್ತಿಪುರ, ಅಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಟಾಲೆಮಿಯ ಬಳಿಕ ಕೆಲವು ಶತಮಾನ ಕಳೆದು ಈ ನಾಡು ತಾನೇ ಬಾಯಿ ತೆರೆದು ಮಾತಾಡುತ್ತದೆ. ತಾಮ್ರಶಾಸನಗಳಲ್ಲಿ ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಅರಸರ ಹೆಸರುಗಳು ಸಿಗುತ್ತವೆ. ಗಮನಿಸಬೇಕು: ಹೊರಗಿನವನು ಬರೆದಾಗ ಹರಳು ಕಂಡಿತು, ಒಳಗಿನವರು ಬರೆದಾಗ ಮನುಷ್ಯರು ಕಂಡರು.

ಈ ನಾಡು ಕೊನೆಗೊಂಡ ಬಗೆ ನನ್ನನ್ನು ಬಹಳವಾಗಿ ಕಾಡಿದೆ. ಸ್ಕಂದವರ್ಮ ಮಗಳನ್ನು ಬೇರೊಬ್ಬನಿಗೆ ಕೊಡಬೇಕೆಂದಿದ್ದ. ಆಕೆ ತಾನಾಗಿಯೇ ಗಂಗರ ಅವಿನೀತನನ್ನು ವರಿಸಿದಳು ಎಂದು ಗಂಗರ ಶಾಸನಗಳು ಹೇಳುತ್ತವೆ. ಅವರ ಮಗ ದುರ್ವಿನೀತ. ಅವನ ಕಾಲಕ್ಕೆ ಪುನ್ನಾಟ ಗಂಗರಾಜ್ಯದೊಳಗೆ ಸೇರಿಹೋಗಿತ್ತು. ಕವಿರಾಜಮಾರ್ಗ ಕನ್ನಡದ ಗದ್ಯ ಬರೆದವರಲ್ಲಿ ಹೆಸರಿಸುವ ದುರ್ವಿನೀತ ಇವನೇ ಎಂದು ವಿದ್ವಾಂಸರು ನಂಬುತ್ತಾರೆ. ಹಾಗಿದ್ದರೆ, ಕನ್ನಡ ಬರಹಗಾರರ ಮೊದಲ ಸಾಲಿನಲ್ಲೇ ಪುನ್ನಾಟದ ಮೊಮ್ಮಗನೊಬ್ಬ ನಿಂತಿದ್ದಾನೆ. ಒಂದು ನಾಡು ಅಳಿಯಿತು ಎನ್ನುವಾಗ ನಾವು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

ರೋಮಿನ ಅಂಗಳದಲ್ಲೂ ಇಂಥ ನಾಡೊಂದಿತ್ತು. ಆಲ್ಪ್ಸ್ ಬೆಟ್ಟಗಳ ನಡುವಿನ ಪುಟ್ಟ ಸೀಮೆಯ ಅರಸ ಕೋಟಿಯಸ್ ಚಕ್ರವರ್ತಿ ಅಗಸ್ಟಸ್‌ಗೆ ಯುದ್ಧವಿಲ್ಲದೆ ತಲೆಬಾಗಿದ, ರೋಮಿನ ಅಧಿಕಾರಿಯಾಗಿ ತನ್ನ ಜನರನ್ನು ತಾನೇ ಆಳಿದ. ಇಟಲಿಯ ಸೂಸಾದಲ್ಲಿ ಅವನು ಕಟ್ಟಿಸಿದ ಕಮಾನಿನ ಮೇಲೆ ಅವನ ಕೈಕೆಳಗಿನ 14 ಬುಡಕಟ್ಟುಗಳ ಹೆಸರು ಕೆತ್ತಿವೆ. ಅವನ ವಂಶ ಮುಗಿದ ಮೇಲೆ, ನೀರೋ ಕಾಲದಲ್ಲಿ, ಆ ಸೀಮೆ ಸಾಮ್ರಾಜ್ಯದ ಪ್ರಾಂತವಾಯಿತು. ಆದರೂ ಪ್ರಾಂತದ ಹೆಸರಿನಲ್ಲಿ ಕೋಟಿಯಸ್ ಉಳಿದ. ಆ 14 ಹೆಸರುಗಳನ್ನು ಕಲ್ಲಿನಲ್ಲಿ ಬರೆಸಿದ್ದಕ್ಕಾಗಿ ಅವನ ಬಗ್ಗೆ ನನಗೆ ಗೌರವವಿದೆ.

ಪುನ್ನಾಟದ ಹೆಸರನ್ನು ದೂರಕ್ಕೆ ಒಯ್ದವರು ಜೈನ ಮುನಿಗಳು. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನ ಪುನ್ನಾಟ ಸಂಘದವನು. ಬರೆದದ್ದು ದೂರದ ವರ್ಧಮಾನಪುರದಲ್ಲಿ. ಅದೇ ಸಂಘದ ಹರಿಷೇಣ 931ರ ಬೃಹತ್ಕಥಾಕೋಶದಲ್ಲಿ, ಉತ್ತರದಲ್ಲಿ ಬರ ಬಂದಾಗ ಭದ್ರಬಾಹುವಿನ ಸಂಘ ಹೊರಟು ಬಂದದ್ದು ಪುನ್ನಾಟಕ್ಕೆ ಎಂದು ಕಥೆ ಹೇಳುತ್ತಾನೆ. ರೋಮಿನವರಿಗೆ ಹರಳಿನ ಗಣಿಯಾಗಿದ್ದ ನೆಲ ಹಸಿದ ಸನ್ಯಾಸಿಗಳ ನೆನಪಿನಲ್ಲಿ ಅನ್ನ ಸಿಗುವ ನೆಲವಾಗಿತ್ತು. ನನಗೆ ಈ ಎರಡನೆಯ ಸಾಕ್ಷಿಯೇ ದೊಡ್ಡದು. ಕೊಂಡುಕೊಳ್ಳುವವನು ನಾಡಿನ ಬೆಲೆ ಹೇಳಬಲ್ಲ, ಆಶ್ರಯ ಪಡೆದವನಿಗಷ್ಟೇ ಅದರ ಗುಣ ಗೊತ್ತು.

1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಹಳೆಯ ಕಿತ್ತೂರು ಹಿನ್ನೀರಿನಲ್ಲಿ ಮುಳುಗಿತು. ಆ ನೀರು ನಂಜನಗೂಡು, ಟಿ. ನರಸೀಪುರಗಳ ಹೊಲಗದ್ದೆಗೆ ಹರಿದು ಎಷ್ಟೋ ಮನೆಗಳ ಒಲೆ ಉರಿಸಿದೆ. ಅದನ್ನು ತಪ್ಪೆನ್ನಲಾರೆ. ಆದರೆ ಆ ನೀರು ಉಣ್ಣುವ ನಮ್ಮ ಮಕ್ಕಳಿಗೆ ಪುನ್ನಾಟದ ಹೆಸರು ಗೊತ್ತಿಲ್ಲದಿರುವುದು ತಪ್ಪು. ರೋಮ್, ಗ್ರೀಸ್‌ಗಳ ಪಾಠ ಶಾಲೆಯಲ್ಲಿದೆ. ರೋಮ್ ಕಾಲದಲ್ಲಿ ಅಲೆಕ್ಸಾಂಡ್ರಿಯಾದವರೆಗೆ ಹೆಸರಾಗಿದ್ದ ನಮ್ಮದೇ ಜಿಲ್ಲೆಯ ನಾಡಿನ ಪಾಠ ಇಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳಲ್ಲಿ ಮೂರನೆಯದು ನಂಜನಗೂಡು, ಹೆಗ್ಗಡದೇವನಕೋಟೆಗಳ ಶಾಸನಗಳದು. ಐದನೆಯದರಲ್ಲಿ ಟಿ. ನರಸೀಪುರದವು ಇವೆ. ಈ ಸೀಮೆಯ ಮೇಷ್ಟ್ರುಗಳು ಒಮ್ಮೆ ಅವನ್ನು ತರಗತಿಗೆ ತಂದು, ಮಕ್ಕಳಿಂದಲೇ ಅವರವರ ಊರಿನ ಹೆಸರು ಹುಡುಕಿಸಲಿ.