ಆಪತ್ಕಾಲದಲ್ಲಿ ಧರ್ಮವು ಹಗುರಾಗುವುದೇ?

ನವರಾತ್ರಿಯಲ್ಲಿ ನಾವು ಪಾರಾಯಣ ಮಾಡುವ ದೇವೀಮಾಹಾತ್ಮ್ಯದಲ್ಲಿ ವಿಚಾರಯೋಗ್ಯವಾದ ಸಂಗತಿಯೊಂದಿದೆ. ಮಹಿಷಾಸುರನಿಂದ ಸ್ವರ್ಗಭ್ರಷ್ಟರಾದ ದೇವತೆಗಳಲ್ಲಿ ಅವನನ್ನು ಒಂಟಿಯಾಗಿ ಗೆಲ್ಲಬಲ್ಲವರು ಯಾರೂ ಉಳಿದಿರಲಿಲ್ಲ. ಅವರೆಲ್ಲರ ತೇಜಸ್ಸು ಒಂದುಗೂಡಿದಾಗಲೇ ಜಗನ್ಮಾತೆಯು ಪ್ರಕಟಳಾದಳು. ಶಿವನು ಶೂಲವನ್ನೂ, ವಿಷ್ಣುವು ಚಕ್ರವನ್ನೂ, ಇಂದ್ರನು ವಜ್ರವನ್ನೂ, ಹಿಮವಂತನು ಸಿಂಹವನ್ನೂ ಅವಳಿಗೆ ಒಪ್ಪಿಸಿದರು. ‘ನಾವೇ ಕಷ್ಟದಲ್ಲಿದ್ದೇವೆ, ನಮ್ಮದು ನಮಗಿರಲಿ’ ಎಂದು ಯಾರೂ ಹಿಂಜರಿಯಲಿಲ್ಲ.

ಆದರೆ ನಾವು ಸಂಸಾರಿಗಳು. ಆಪತ್ತು ಬಂದೊಡನೆ ನಮ್ಮ ಮನಸ್ಸು ಹುಡುಕುವುದು ವಿನಾಯಿತಿಯನ್ನು. ಅದಕ್ಕೆ ಶಾಸ್ತ್ರಾಧಾರವೂ ಉಂಟು. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವನ್ನು ಉಪದೇಶಿಸುವ ಭೀಷ್ಮನು, ಹನ್ನೆರಡು ವರ್ಷಗಳ ಕ್ಷಾಮದಲ್ಲಿ ಹಸಿದ ವಿಶ್ವಾಮಿತ್ರರು ಊರ ಹೊರಗಿನ ಗುಡಿಸಲೊಂದರಿಂದ ನಾಯಿಯ ಮಾಂಸವನ್ನು ಕದಿಯಹೋದ ಕಥೆಯನ್ನು ಹೇಳುತ್ತಾನೆ. ಪ್ರಾಣ ಉಳಿಸಿಕೊಳ್ಳಲು ಋಷಿಗೇ ನಿಯಮ ಸಡಿಲವಾಯಿತೆಂದ ಮೇಲೆ, ಸಾಮಾನ್ಯರಾದ ನಮಗೆ ಬಾಗಿಲು ಮುಚ್ಚಿಕೊಳ್ಳುವ ಹಕ್ಕಿಲ್ಲವೇ?

ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಹಾಸ ನದಿಯೂ ಉಕ್ಕಿ ಹರಿಯಿತು. ಆ ರಾತ್ರಿ ಉಲ್ಹಾಸನಗರದಲ್ಲಿ ನಮ್ಮ ಕಟ್ಟಡದ ನೆಲಮಹಡಿಗೆ ನೀರು ನುಗ್ಗಿತು. ಮೇಲಿನ ಮಹಡಿಯಲ್ಲಿದ್ದ ನಾನು ಮನೆಯಲ್ಲಿದ್ದ ಎರಡು ಕೊಡ ಕುಡಿಯುವ ನೀರನ್ನೂ ಮೂರು ದಿನದ ಅಕ್ಕಿಯನ್ನೂ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ನಾನು ಏಳಲಿಲ್ಲ. ಎದ್ದು ಬಾಗಿಲು ತೆರೆದವಳು ನನ್ನ ಪತ್ನಿ. ಕೆಳಮನೆಯ ಸಿಂಧಿ ವೃದ್ಧೆಯೂ ಅವರ ಮೊಮ್ಮಕ್ಕಳೂ ನೆನೆದು ನಿಂತಿದ್ದರು. ಹನ್ನೊಂದು ವರ್ಷಗಳಿಂದ ನೆರೆಯವರಾಗಿದ್ದರೂ ಆ ತಾಯಿಯ ಹೆಸರು ನನಗೆ ತಿಳಿದಿರಲಿಲ್ಲ. ಒಳಗೆ ಬಂದವರು ಒಣಬಟ್ಟೆಯನ್ನು ಕೇಳಲಿಲ್ಲ, “ಎದುರುಮನೆಯ ಮುದುಕರು ಇನ್ನೂ ಕೆಳಗೇ ಇದ್ದಾರೆಯೇ?” ಎಂದು ಕೇಳಿದರು. ಆಗ ನಾನು ಎದ್ದೆ.

ಆ ಪ್ರಶ್ನೆಯ ಹಿಂದೆ ಈ ಊರಿನ ಇತಿಹಾಸವೇ ಇತ್ತು. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರವಾಗಿದ್ದ ಕಲ್ಯಾಣ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ, 1947ರ ದೇಶವಿಭಜನೆಯ ತರುವಾಯ, ಸಿಂಧ್ ಪ್ರಾಂತವನ್ನು ತೊರೆದು ಬಂದ ಸುಮಾರು ಒಂದು ಲಕ್ಷ ನಿರಾಶ್ರಿತರು ನೆಲೆಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆ ಮಾಡಿದ ಈ ನೆಲೆಗೆ ಉಲ್ಹಾಸನಗರವೆಂದು ಹೆಸರಾಯಿತು. ಇಂದಿಗೂ ಇಲ್ಲಿ ವಿಳಾಸ ಹೇಳುವುದು ಕ್ಯಾಂಪಿನ ಸಂಖ್ಯೆಯಿಂದಲೇ. ಬಾಲ್ಯದಲ್ಲಿ ಬ್ಯಾರಕ್ಕಿನಲ್ಲಿ ಗೋಣಿಪರದೆಯ ಮರೆಯಲ್ಲಿ ಬಾಳಿದ್ದ ಆ ತಾಯಿಗೆ, ಒಬ್ಬರ ಆಪತ್ತು ಪಕ್ಕದವರ ಆಪತ್ತೂ ಹೌದೆಂಬುದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ.

ಅಂದಿನಿಂದ ನನಗೆ ಆಪದ್ಧರ್ಮದ ಅರ್ಥ ಬೇರೆಯಾಗಿ ತೋರುತ್ತಿದೆ. ವಿಶ್ವಾಮಿತ್ರರಿಗೆ ದೊರೆತ ವಿನಾಯಿತಿ ಹಸಿದವನಿಗೆ ದೊರೆತದ್ದು, ಅಕ್ಕಿ ಇಟ್ಟುಕೊಂಡು ಕುಳಿತವನಿಗಲ್ಲ. ಆಪತ್ತಿನಲ್ಲಿ ಇಲ್ಲದವನ ಧರ್ಮಭಾರ ಇಳಿಯುತ್ತದೆ. ಇಳಿದ ಆ ಭಾರ ಇದ್ದವನ ಹೆಗಲಿಗೆ ಏರುತ್ತದೆ. ನಾನು ಅಂದು ಕುಳಿತಲ್ಲೇ ಬೇಡಿದ್ದು ಮತ್ತೊಬ್ಬರಿಗೆ ಸಲ್ಲಬೇಕಾದ ವಿನಾಯಿತಿಯನ್ನು.

‘ಮೊದಲು ನಮ್ಮವರು’ ಎಂಬ ಮಾತು ತಪ್ಪೆಂದು ನಾನು ಹೇಳಲಾರೆ. ಪರಊರಿನಲ್ಲಿ ಕನ್ನಡಿಗರು ಸಂಘ ಕಟ್ಟಿಕೊಂಡದ್ದೇ ಒಬ್ಬರಿಗೊಬ್ಬರು ಆಗಲೆಂದು. ಆದರೆ ಮೊದಲು ಎಂಬುದು ಕೊನೆಯೂ ಆಗಬಾರದು. 2019ರ ಜುಲೈ 27ರಂದು, ನಿಪ್ಪಾಣಿ ಬೆಳಗಾವಿಗಳ ಕಡೆಗೆ ಹೋಗುವ ನಮ್ಮವರಿಗೂ ಪರಿಚಿತವಾದ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಯ ನಡುವೆ ನೆರೆಯಲ್ಲಿ ಸಿಲುಕಿತು. ಸುಮಾರು 1,050 ಪ್ರಯಾಣಿಕರನ್ನು ಪಾರುಮಾಡುವಾಗ ವಿಪತ್ತು ನಿರ್ವಹಣಾ ಪಡೆ, ನೌಕಾದಳಗಳೊಡನೆ ಸುತ್ತಲಿನ ಗ್ರಾಮಸ್ಥರೂ ನೆರವಾದರು. ದಡಕ್ಕೆ ಬಂದವರ ಮಾತೃಭಾಷೆ ಯಾವುದೆಂದು ಕೈಹಿಡಿದವರು ಕೇಳಬೇಕಾಗಿರಲಿಲ್ಲ.

ಇಂತಹ ಶಕ್ತಿ ಆಪತ್ತಿನ ದಿನವೇ ಹುಟ್ಟುವುದಿಲ್ಲ. ಪಾಂಡವರು ಶಮೀವೃಕ್ಷದಲ್ಲಿ ಆಯುಧಗಳನ್ನು ಇರಿಸಿದ್ದು ಅಜ್ಞಾತವಾಸಕ್ಕೆ ಮೊದಲು. ಆದ್ದರಿಂದಲೇ ಬೇಕಾದಾಗ ಅವು ಕೈಗೆ ದೊರೆತವು. ನಮ್ಮ ಕಟ್ಟಡದಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ನಿತ್ಯ ಔಷಧ ಬೇಕಾದವರು ಯಾರು, ನಡೆಯಲಾರದವರನ್ನು ಮೇಲಕ್ಕೆ ಒಯ್ಯುವವರು ಯಾರು ಎಂಬುದನ್ನು ಬಿಸಿಲಿನ ದಿನಗಳಲ್ಲೇ ತಿಳಿದಿರುವುದು ನಮ್ಮ ಕಾಲದ ಆಯುಧಪೂಜೆ. ನೆರೆಯವರ ಹೆಸರನ್ನು ಅರಿತಿರುವುದು ಅದರ ಮೊದಲ ಮಂತ್ರ.

ಬಾದಾಮಿಯ ಬನಶಂಕರಿಯನ್ನು ನಾವು ಶಾಕಂಭರಿಯೆಂದು ಪೂಜಿಸುತ್ತೇವೆ. ದೀರ್ಘವಾದ ಅನಾವೃಷ್ಟಿಯಲ್ಲಿ ತನ್ನ ದೇಹದಿಂದಲೇ ಬೆಳೆದ ಶಾಕಗಳಿಂದ ಲೋಕವನ್ನು ಸಲಹುವೆನೆಂದು ನುಡಿದ ತಾಯಿ ಅವಳು. ಇವರು ನನ್ನ ಭಕ್ತರು, ಇವರಲ್ಲ ಎಂದು ವಿಂಗಡಿಸಲಿಲ್ಲ. ಈ ವಿಜಯದಶಮಿಯಂದು ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆಂದು ಹೇಳುವಾಗ, ಆ ಬನ್ನಿಯ ಒಂದು ಎಲೆ ನೆರೆಮನೆಯ ಹೊಸ್ತಿಲನ್ನೂ ಮುಟ್ಟಲಿ. ಮತ್ತೊಮ್ಮೆ ಬಾಗಿಲು ಬಡಿದಾಗ ತಡಮಾಡದೆ ಏಳುವ ಬುದ್ಧಿಯನ್ನು ಜಗನ್ಮಾತೆಯು ನನಗೂ ನಿಮಗೂ ಕರುಣಿಸಲಿ.