ಉಳಿದ ಹನ್ನೆರಡು ಬುಟ್ಟಿ



ಐದು ಜವೆಗೋಧಿ ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಜನರಿಗೆ ಉಣಿಸಿದ ಯೇಸುಸ್ವಾಮಿ ಉಳಿದ ತುಣುಕುಗಳನ್ನೂ ಆರಿಸಿಡಲು ಶಿಷ್ಯರಿಗೆ ಹೇಳಿದರು (ಯೊವಾನ್ನ 6:1-13). ಮತ್ತೆ ರೊಟ್ಟಿ ಕೊಡಬಲ್ಲವರೇ ಒಂದು ಚೂರನ್ನೂ ಬಿಡಲಿಲ್ಲ.

ಕೊಲ್ಹಾಪುರವಿರಲಿ, ಇಚಲಕರಂಜಿ, ಗಡಹಿಂಗ್ಲಜವಿರಲಿ, ಸೂಪರ್ ಮಾರ್ಕೆಟ್ಟಿಗೆ ಹೋದರೆ ಇವತ್ತೇ ಕಾಯಿಸುವ ಹಾಲಿಗೂ ಹಿಂದೆ ಕೈಹಾಕಿ ಹೊಸ ತಾರೀಖಿನ ಪಾಕೀಟು ಎಳೆಯುವುದು ರೂಢಿ. ಮುಂದಿದ್ದದ್ದು ಅಲ್ಲೇ ಉಳಿದು ಕಸಕ್ಕೆ ಹೋಗುತ್ತದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಅಂಗಡಿಗಳ ಪಾಲು ಶೇ. 12, ಮನೆಗಳ ಪಾಲು ಶೇ. 60. ಆಹಾರ ಬಿಸಾಡುವುದು ಬಡವರ ಮೇಜಿನಿಂದ ಕದ್ದಂತೆ ಎಂದು ವಿಶ್ವಗುರು ಫ್ರಾನ್ಸಿಸ್ 2013ರಲ್ಲೇ ಎಚ್ಚರಿಸಿದ್ದರು.

‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಗುಣಮಟ್ಟದ ತಾರೀಖು. ಅದು ದಾಟಿದ ಮಾತ್ರಕ್ಕೆ ಆಹಾರ ವಿಷವಾಗದು. ‘ಎಕ್ಸ್‌ಪೈರಿ’ ಸುರಕ್ಷತೆಯ ಗಡಿ. ಅದು ದಾಟಿದ್ದನ್ನು ತಿನ್ನಲೂಬಾರದು, ದಾನ ಕೊಡಲೂಬಾರದು. ಅವಧಿಗೆ ಮೊದಲೇ, ಉಳಿದ ಒಳ್ಳೆಯ ಆಹಾರವನ್ನು ಅಂಗಡಿಯವರು ಹಸಿದವರಿಗೆ ಕೊಡಲು 2019ರ ಎಫ್‌ಎಸ್‌ಎಸ್‌ಎಐ ನಿಯಮಗಳು ದಾರಿ ತೋರಿಸಿವೆ. ಯುವಜನರೇ, ಪರಿಚಯದ ಅಂಗಡಿಯವರಿಗೆ ಇದನ್ನು ಮರಾಠಿಯಲ್ಲೇ ತಿಳಿಸಿ.

ಪರಲೋಕ ಮಂತ್ರದಲ್ಲಿ ನಾವು ಬೇಡುವುದು ಅಂದಂದಿನ ಅನ್ನವನ್ನು. ಆದ್ದರಿಂದ ಇಂದೇ ಬಳಸುವುದಾದರೆ ಮುಂದಿರುವ ಪಾಕೀಟನ್ನೇ ತೆಗೆದುಕೊಳ್ಳೋಣ.

– ಯುವ ಸಂಚಾಲಕ